ತೆರೆದಿದ್ದ ಮೂರನೆಯ ಗೇಟು

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷದ ಜನವರಿ ಅದು. ಆಗ ನಾನು ಐರ್ಲೆಂಡಿನ ವಾಯವ್ಯ ಮೂಲೆಯಲ್ಲಿ, ಸ್ಲೈಗೋ ಪಟ್ಟಣದಿಂದ ಮುಕ್ಕಾಲು ಗಂಟೆ ದೂರದ ಒಂದು ಸಣ್ಣ ಊರಿನಲ್ಲಿ ಜಿಪಿಯಾಗಿದ್ದೆ. ಜಿಪಿ ಎಂದರೆ ಜನರಲ್ ಪ್ರಾಕ್ಟೀಷನರ್; ನಮ್ಮ ಕಡೆ ಹಿಂದೆ ಬೀದಿಗೊಬ್ಬರಂತೆ ಇರುತ್ತಿದ್ದ ಫ್ಯಾಮಿಲಿ ಡಾಕ್ಟರು ಎಂದುಕೊಳ್ಳಿ. ಬಳ್ಳಾರಿಯಲ್ಲಿ ಓದು ಮುಗಿಸಿ ಬಂದವಳು ಮೊದಲ ಹನ್ನೊಂದು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ಕಳೆದು, ಆಮೇಲೆ ಈ ಊರಿನ ಕ್ಲಿನಿಕ್ಕಿಗೆ ಸೇರಿದೆ. ಇಷ್ಟು ವರ್ಷಗಳಲ್ಲಿ ನೂರಾರು ಸಾವು ನೋಡಿದ್ದೇನೆ. ಹೆಚ್ಚಿನವನ್ನು ಮರೆತಿದ್ದೇನೆ, ಮರೆಯದಿದ್ದರೆ ಮರುದಿನ ಕೆಲಸಕ್ಕೆ ಹೋಗಲಾಗುವುದಿಲ್ಲ. ಒಂದು ಸಾವು ಮಾತ್ರ ನನ್ನನ್ನು ಬಿಟ್ಟಿಲ್ಲ. ಕಳೆದ ವರ್ಷ ನಿವೃತ್ತಳಾದಾಗ ಕ್ಲಿನಿಕ್ಕಿನ ಬೀಗದ ಕೈ ಒಪ್ಪಿಸಿ ಬಂದೆ, ಇದನ್ನು ಯಾರಿಗೆ ಒಪ್ಪಿಸುವುದೋ ತಿಳಿಯದೆ ಬರೆಯಲು ಕೂತಿದ್ದೇನೆ.

ಮೊದಲು ಜಾಗದ ವಿಷಯ ಹೇಳಬೇಕು. ನಮ್ಮ ಊರಿಗೂ ಅದರ ಹಿಂದಿನ ಕಣಿವೆಗೂ ನಡುವೆ ಒಂದು ಬೆಟ್ಟಸಾಲು. ಸಾಲಿನ ಮಧ್ಯೆ ಬೆಟ್ಟ ತಗ್ಗಾದ ಜಾಗವನ್ನು ಇಲ್ಲಿಯವರು ‘ಗ್ಯಾಪ್’ ಎನ್ನುತ್ತಾರೆ. ಹಿಮಾಲಯ ನೋಡಿದವರು ಅದರ ಎತ್ತರ ಕೇಳಿ ನಗಬಹುದು. ಆದರೆ ಅಟ್ಲಾಂಟಿಕ್ ಕಡಲಿನ ಗಾಳಿ ನೇರವಾಗಿ ಬಂದು ಬಡಿಯುವ ಜಾಗ, ಗಿಡಮರ ಒಂದೂ ಇಲ್ಲ, ಎರಡೂ ಬದಿಗೆ ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುವ ಜೌಗು. ಡಾಂಬರು ರಸ್ತೆ ಕೆರೆ ಬಳಸಿಕೊಂಡು ಮೂವತ್ತು ಕಿಲೋಮೀಟರ್ ಸುತ್ತಿ ಕಣಿವೆಗೆ ಹೋಗುತ್ತದೆ. ಗ್ಯಾಪ್ ಮೂಲಕ ಹೋದರೆ ಒಂಬತ್ತೇ ಕಿಲೋಮೀಟರ್. ಆದರೆ ಅದು ರಸ್ತೆಯಲ್ಲ. ಒಲೆಗೆ ಉರಿಸುವ ಪೀಟ್ ಮಣ್ಣನ್ನು ಬೇಸಿಗೆಯಲ್ಲಿ ಕಡಿದು ತರುವ ಟ್ರಾಕ್ಟರುಗಳಿಗಾಗಿ ಕಲ್ಲು ಸುರಿದು ಮಾಡಿಕೊಂಡ ಜಾಡು. ಅದರಲ್ಲಿ ಮೂರು ಗೇಟುಗಳಿವೆ. ಕುರಿಗಳು ಒಬ್ಬರ ಜಾಗದಿಂದ ಇನ್ನೊಬ್ಬರ ಜಾಗಕ್ಕೆ ನುಗ್ಗದಂತೆ ಹಾಕಿದ ಕಬ್ಬಿಣದ ಗೇಟುಗಳು. ತೆಗೆದವರು ದಾಟಿದ ಮೇಲೆ ಮುಚ್ಚಲೇಬೇಕು, ಅದು ಇಲ್ಲಿ ಬರೆಯದ ಕಾನೂನು.

ಮೂರನೆಯ ಗೇಟಿನ ಬಳಿ, ಜಾಡು ಕಡಿದಾಗಿ ಏರತೊಡಗುವ ಮೊದಲು, ಒಂದೇ ಒಂದು ಮನೆ. ಅಲ್ಲಿ ಮಾರ್ಟಿನ್ ಎಂಬುವರು ಒಬ್ಬರೇ ಇದ್ದರು. ಅರವತ್ತೊಂಬತ್ತು ವಯಸ್ಸು, ಮದುವೆಯಾಗಿರಲಿಲ್ಲ, ಎಂಬತ್ತು ಕುರಿ. ಬಿಪಿ ಮಾತ್ರೆಗಾಗಿ ವರ್ಷಕ್ಕೆ ಎರಡು ಸಲ ನನ್ನ ಹತ್ತಿರ ಬರುತ್ತಿದ್ದರು. ಹೇಗಿದ್ದೀರಿ ಎಂದರೆ ‘ಗ್ರ್ಯಾಂಡ್’ ಎನ್ನುವರು. ಇಲ್ಲಿಯ ಜನಕ್ಕೆ ಆ ಪದ ಎಲ್ಲಕ್ಕೂ ಆಗುತ್ತದೆ, ಕಾಲು ಮುರಿದಿದ್ದರೂ ಗ್ರ್ಯಾಂಡ್. ಬೆಟ್ಟದ ಗಂಡಸರು ಯಾರಾದರೂ ಹಾಗೆಂದರೆ ನಾನು ಮೊದಲು ಇಸಿಜಿ ಯಂತ್ರ ಎಳೆದುಕೊಳ್ಳುತ್ತಿದ್ದೆ. ಮಾರ್ಟಿನ್‌ರಿಗೆ ಮಾತು ಕಡಿಮೆ. ಗೇಟಿನ ಹತ್ತಿರ ಕಂಡರೆ ಗದ್ದ ತುಸು ಇಳಿಸುವರು, ಅಷ್ಟೇ.

ಇನ್ನು ನನ್ನ ಡ್ರೈವಿಂಗ್. ನನ್ನ ತಂದೆ ಸರ್ಕಾರಿ ಬಸ್ಸಿನ ಡ್ರೈವರು. ಘಾಟಿ ರೂಟಿನಲ್ಲಿ ಇಪ್ಪತ್ತು ವರ್ಷ ಓಡಿಸಿದವರು. ಸ್ಟಾಪ್ ಇರಲಿ ಬಿಡಲಿ, ದಾರಿಬದಿಯಲ್ಲಿ ಯಾರಾದರೂ ಕೈ ಎತ್ತಿದರೆ ಬಸ್ಸು ನಿಲ್ಲಿಸುವರು. ಕಂಡಕ್ಟರು ಗೊಣಗುತ್ತಿದ್ದ. ಅಪ್ಪ ಕೇಳುತ್ತಿರಲಿಲ್ಲ. ಅಂಥವರ ಮಗಳಾದ ಕಾರಣ ಮನೆಯಲ್ಲಿ ಗಾಡಿ ನನ್ನ ಕೈಯಲ್ಲೇ. ನನ್ನ ಯಜಮಾನರು ಪ್ರಭಾಕರ್ ಮೈಸೂರಿನ ಸಾಫ್ಟ್‌ವೇರ್ ಇಂಜಿನಿಯರು. ಒಂಬತ್ತು ವರ್ಷ ಕಾರ್ಕ್ ನಗರದ ಹಾಲಿಹಿಲ್ ಬಡಾವಣೆಯ ಕಂಪನಿಯೊಂದರಲ್ಲಿ ಕೆಲಸ ಮಾಡಿ, ಕೋವಿಡ್ ಬಂದ ಮೇಲೆ ಮನೆಯಿಂದಲೇ ಕೆಲಸ ಎಂದಾದಾಗ ನಾನಿದ್ದ ಈ ಊರಿಗೆ ಬಂದು ಸೇರಿಕೊಂಡರು. ಬರುವಾಗ ಒಂದು ಹಳೆಯ ಡೀಸೆಲ್ ಜೀಪು ತಂದರು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ. ತಂದದ್ದು ಅವರು, ರಸ್ತೆಯಿಲ್ಲದ ಕಡೆ ಓಡಿಸುವ ಆಫ್‌ರೋಡ್ ತರಬೇತಿಗೆ ದುಡ್ಡು ಕಟ್ಟಿದ್ದೂ ಅವರು, ಕೊನೆಗೆ ಓಡಿಸಿದ್ದು ನಾನು. ಸ್ಟೇರಿಂಗ್ ನನ್ನದು, ಗೇಟು ಅವರದು ಎಂದು ನಮ್ಮಲ್ಲಿ ಒಪ್ಪಂದವಾಯಿತು. ಜೌಗಿನ ಆಚೆ ಯಾರಿಗಾದರೂ ಕಾಯಿಲೆ ಎಂದರೆ ಇಬ್ಬರೂ ಹೊರಡುತ್ತಿದ್ದೆವು. ಅವರು ಇಳಿದು ಗೇಟು ತೆಗೆಯುವುದು, ನಾನು ದಾಟುವುದು, ಅವರು ಮುಚ್ಚಿ ಓಡಿಬಂದು ಹತ್ತುವುದು.

ಇಲ್ಲಿ ಒಂದು ಪದ್ಧತಿ ಹೇಳದೆ ಮುಂದೆ ಹೋಗುವಂತಿಲ್ಲ. ಐರ್ಲೆಂಡಿನ ಹಳ್ಳಿ ದಾರಿಗಳಲ್ಲಿ ಎದುರು ಬಂದವರಿಗೆಲ್ಲ ನಮಸ್ಕಾರವಿದೆ. ಗಾಡಿ ಓಡಿಸುವವರು ಸ್ಟೇರಿಂಗಿನಿಂದ ಒಂದು ಬೆರಳು ಎತ್ತುತ್ತಾರೆ. ನಡೆದು ಹೋಗುವವರು ಕೈ ಎತ್ತುತ್ತಾರೆ. ಪರಿಚಯ ಬೇಕಿಲ್ಲ, ನಿಲ್ಲಬೇಕಿಲ್ಲ. ಇದು ಗೊತ್ತಿಲ್ಲದೆ ನಾನು ಬಂದ ಹೊಸದರಲ್ಲಿ ಕೈ ಎತ್ತಿದವರಿಗೆಲ್ಲ ಬ್ರೇಕ್ ಹಾಕಿ, ಗಾಜು ಇಳಿಸಿ, ‘ಏನಾಯಿತು?’ ಎಂದು ಕೇಳುತ್ತಿದ್ದೆ. ಅವರು ಕಕ್ಕಾಬಿಕ್ಕಿಯಾಗಿ ‘ಏನಿಲ್ಲವಲ್ಲ, ಡಾಕ್ಟರ್’ ಎನ್ನುವರು. ಕ್ಲಿನಿಕ್ಕಿನಲ್ಲಿ ಅಪಾಯಿಂಟ್‌ಮೆಂಟ್ ಬರೆದುಕೊಳ್ಳುತ್ತಿದ್ದ ಬ್ರೀಡಾ ಒಂದು ದಿನ ನಗು ತಡೆಯಲಾಗದೆ ವಿಷಯ ಬಿಡಿಸಿ ಹೇಳಿದಳು. ಊರೆಲ್ಲ ಈ ಕಥೆ ಹಬ್ಬಿತ್ತಂತೆ. ನನಗೆ ನಾಚಿಕೆಯಾಯಿತು. ಅಂದಿನಿಂದ ಹಟ ಹಿಡಿದು ಬೆರಳೆತ್ತುವುದನ್ನು ಕಲಿತೆ. ಎಷ್ಟು ಎತ್ತಬೇಕು, ಯಾವಾಗ ಎತ್ತಬೇಕು, ಎಲ್ಲ ಕಲಿತೆ. ಕೆಲವೇ ವರ್ಷಗಳಲ್ಲಿ, ಈ ಡಾಕ್ಟರಮ್ಮ ಇಲ್ಲೇ ಹುಟ್ಟಿದವಳ ಹಾಗೆ ಸಲ್ಯೂಟ್ ಮಾಡ್ತಾಳೆ ಎಂದು ಬ್ರೀಡಾಳೇ ಹೇಳಿದಳು. ಆ ಮಾತಿನಿಂದ ನನಗೆ ಎಂಥ ಹೆಮ್ಮೆಯಾಗಿತ್ತು ಎಂದು ಈಗ ಬರೆಯಲು ಸಂಕಟವಾಗುತ್ತದೆ.

ಆ ಗುರುವಾರಕ್ಕೆ ಬರುತ್ತೇನೆ. ಅದರ ಹಿಂದಿನ ಎರಡು ದಿನ ಹಿಮ ಸುರಿದಿತ್ತು. ಬೆಳಗ್ಗೆ ಒಂಬತ್ತು ನಲವತ್ತಕ್ಕೆ ಕಣಿವೆಯಿಂದ ಫೋನು. ಏಲೀನ್ ಎಂಬ ಮೂವತ್ತೆಂಟರ ಶಾಲಾ ಶಿಕ್ಷಕಿ, ಚಿಕ್ಕಂದಿನಿಂದ ಆಸ್ತಮಾ ಇದ್ದವಳು; ಅವಳ ತಾಯಿ ಮಾತಾಡುತ್ತಿದ್ದರು. ಐರಿಷ್ ಜನರ ಮಾತನ್ನೆಲ್ಲ ಇಲ್ಲಿ ನನ್ನ ಕನ್ನಡದಲ್ಲೇ ಹೇಳುತ್ತೇನೆ. “ಇನ್‌ಹೇಲರ್ ನಿನ್ನೆನೇ ಮುಗಿದೋಯ್ತು. ಈಗ ಮಾತಾಡೋಕೂ ಉಸಿರು ಸಾಲ್ತಿಲ್ಲ. ತುಟಿ ನೀಲಿ ಆಗ್ತಿದೆ.” ಆಸ್ತಮಾದಲ್ಲಿ ಮಾತು ನಿಂತು ತುಟಿ ನೀಲಿಯಾಯಿತೆಂದರೆ ಗಂಟೆಗಳ ಲೆಕ್ಕ, ಕೆಲವೊಮ್ಮೆ ಅದೂ ಇಲ್ಲ. ಕೆರೆ ರಸ್ತೆಯಲ್ಲಿ ಹಿಮ ತೆಗೆಯದೆ ಆಂಬುಲೆನ್ಸ್ ಬರುವಂತಿರಲಿಲ್ಲ. ಬೆಟ್ಟದ ಮೇಲೆ ಮಂಜು ಕವಿದಿದ್ದರಿಂದ ಹೆಲಿಕಾಪ್ಟರು ಇಳಿಯುವಂತಿರಲಿಲ್ಲ. ಉಳಿದದ್ದು ಗ್ಯಾಪ್.

ಹತ್ತು ಗಂಟೆ ಹತ್ತು ನಿಮಿಷಕ್ಕೆ ಹೊರಟೆವು. ಹಿಂದಿನ ಡಿಕ್ಕಿಯಲ್ಲಿ ಆಕ್ಸಿಜನ್ ಸಿಲಿಂಡರು, ಔಷಧಿಯನ್ನು ಆವಿ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್, ಇಂಜೆಕ್ಷನ್ ಪೆಟ್ಟಿಗೆ, ಲಯ ತಪ್ಪಿದ ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್. ಹಿಂದಿನ ಸೀಟು ಖಾಲಿ. ಡಾಂಬರು ಮುಗಿದಲ್ಲಿ ನಿಲ್ಲಿಸಿ ಟೈರುಗಳ ಗಾಳಿ ಇಳಿಸಿದೆವು. ಟೈರು ಸ್ವಲ್ಪ ಮೆತ್ತಗಾದರೆ ಹಿಮದ ಮೇಲೆ ಹೆಚ್ಚು ಜಾಗ ಕಚ್ಚಿಕೊಳ್ಳುತ್ತದೆ. ಗೇರನ್ನು ಲೋ ರೇಂಜಿಗೆ ಹಾಕಿದೆ. ಅದರಲ್ಲಿ ಚಕ್ರ ಬಹಳ ನಿಧಾನ, ಆದರೆ ಎಳೆತ ಜಾಸ್ತಿ. ಏರಿನಲ್ಲಿ ಆಕ್ಸಿಲರೇಟರಿನ ಮೇಲಿನ ಕಾಲು ಸಡಿಲ ಬಿಡಬಾರದು, ಇಳಿಜಾರಿನಲ್ಲಿ ಬ್ರೇಕ್ ತುಳಿಯಬಾರದು, ಅಷ್ಟು ನೆನಪಿದ್ದರೆ ಉಳಿದದ್ದನ್ನು ಗಾಡಿ ನೋಡಿಕೊಳ್ಳುತ್ತದೆ. ಜಾಡು ಎಲ್ಲಿ ಮುಗಿದು ಜೌಗು ಎಲ್ಲಿ ಶುರು ಎಂಬುದು ಹಿಮದಲ್ಲಿ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿ ನೆಟ್ಟಿದ್ದ ಮರದ ಗೂಟಗಳನ್ನು ಪ್ರಭಾಕರ್ ಗಾಜಿನ ಹೊರಗೆ ತಲೆ ಹಾಕಿ ಹುಡುಕುತ್ತ ‘ಎಡಕ್ಕೆ, ಇನ್ನೊಂಚೂರು ಎಡಕ್ಕೆ’ ಎನ್ನುತ್ತಿದ್ದರು. ಒಂದು ಕಡೆ ಎಡಗಡೆಯ ಮುಂಚಕ್ರ ಹೆಪ್ಪುಗಟ್ಟಿದ ಪದರ ಒಡೆದು ಕೆಳಗಿಳಿಯಿತು. ಹಿಂದೆ ಮುಂದೆ ಆಡಿಸಿ ಮೇಲೆ ತಂದೆ. ಬೆನ್ನು ಬೆವರಿತ್ತು.

ಮೊದಲ ಗೇಟು, ಎರಡನೆಯ ಗೇಟು ಹಿಮದಲ್ಲಿ ಹೂತಿದ್ದವು. ಪ್ರಭಾಕರ್ ಕಾಲಿನಿಂದ ಹಿಮ ಒದ್ದು, ಎತ್ತಿ, ತೆಗೆದು ಮುಚ್ಚುವಷ್ಟರಲ್ಲಿ ಒಂದೊಂದಕ್ಕೂ ನಾಲ್ಕೈದು ನಿಮಿಷ ಹೋಯಿತು. ನನಗೆ ಏಲೀನಳ ತುಟಿಯೇ ಕಣ್ಣ ಮುಂದೆ. ಹತ್ತು ಐವತ್ತಕ್ಕೆ ಮೂರನೆಯ ಗೇಟಿನ ಹತ್ತಿರ ಬಂದಾಗ ಮಂಜು ದಟ್ಟವಾಗಿತ್ತು. ಗೇಟು ತೆರೆದಿತ್ತು. ಪೂರ್ತಿ ಹಿಂದಕ್ಕೆ ತಳ್ಳಿ, ಮುಚ್ಚಿಕೊಳ್ಳದಂತೆ ಕಲ್ಲು ಒತ್ತಿಟ್ಟಿತ್ತು. ಅದರ ಪಕ್ಕದಲ್ಲಿ ಮಾರ್ಟಿನ್ ನಿಂತಿದ್ದರು. ಕರಿ ಕೋಟು, ಟೋಪಿ. ಕಾಲ ಬಳಿ ಏನೋ ಒಂದು ಚೀಲ. ಕುರಿಗಳ ಮೇವು ಎಂದುಕೊಂಡೆ. ಎಂಥ ಒಳ್ಳೆಯ ಮನುಷ್ಯ, ಗಾಡಿಯ ಸದ್ದು ಕೇಳಿ ನಮಗಾಗಿ ತೆಗೆದಿಟ್ಟಿದ್ದಾರೆ ಎಂದು ಮನಸ್ಸಿಗೆ ಹಾಯೆನಿಸಿತು. ನಿಲ್ಲಿಸುವ ಕೆಲಸ ತಪ್ಪಿತು. ನಾವು ದಾಟುವಾಗ ಅವರು ಬಲಗೈ ಎತ್ತಿದರು, ಭುಜದ ಮಟ್ಟಕ್ಕೆ. ನಾನು ಬೆರಳು ಎತ್ತಿದೆ.

ಪ್ರಭಾಕರ್ ಹಿಂದೆ ತಿರುಗಿ ನೋಡಿದರು. “ವಿಮಲಾ, ಅವ್ರು ಕೈ ಎತ್ತಿದ್ರಲ್ಲ. ನಿಲ್ಲಿಸ್ಬೇಕಿತ್ತಾ?”

“ಅಯ್ಯೋ, ಇಲ್ಲಿ ಎಲ್ರೂ ಎತ್ತಾರೆ ರೀ. ಅದು ನಮಸ್ಕಾರ. ಇಷ್ಟು ವರ್ಷ ಈ ದೇಶದಲ್ಲಿದ್ದು ಅದೂ ಗೊತ್ತಾಗ್ಲಿಲ್ವಾ ನಿಮ್ಗೆ?”

“ಕಾರ್ಕಲ್ಲಿ ಯಾರು ಎತ್ತಾರೆ,” ಎಂದು ಅವರೂ ನಕ್ಕರು. ಏರು ಶುರುವಾಯಿತು. ಕನ್ನಡಿಯಲ್ಲಿ ಒಂದು ಕ್ಷಣ ಕಂಡದ್ದು ನೆನಪಿದೆ: ಕೈ ಇನ್ನೂ ಇಳಿದಿರಲಿಲ್ಲ. ಆಮೇಲೆ ಬರೀ ಮಂಜು.

ಹನ್ನೊಂದು ಇಪ್ಪತ್ತೈದಕ್ಕೆ ಏಲೀನಳ ಮನೆ ಸೇರಿದೆವು. ಅವಳು ಅಡುಗೆಮನೆಯ ಮೇಜಿಗೆ ಎರಡೂ ಕೈ ಊರಿ ಮುಂದಕ್ಕೆ ಬಾಗಿ ಕೂತಿದ್ದಳು. ಸ್ಟೆತೊಸ್ಕೋಪ್ ಇಟ್ಟರೆ ಎದೆಯಲ್ಲಿ ಸದ್ದೇ ಇಲ್ಲ. ಆಸ್ತಮಾದಲ್ಲಿ ಸೀಟಿ ಹೊಡೆವ ಎದೆಗಿಂತ ಸದ್ದಿಲ್ಲದ ಎದೆ ಕೆಟ್ಟದ್ದು, ಒಳಗೆ ಗಾಳಿಯೇ ಆಡುತ್ತಿಲ್ಲ ಎಂದರ್ಥ. ಆಕ್ಸಿಜನ್, ನೆಬ್ಯುಲೈಸರ್, ಸ್ಟೀರಾಯ್ಡ್ ಇಂಜೆಕ್ಷನ್. ಹದಿನೈದು ನಿಮಿಷ ಏನೂ ಬದಲಾಗಲಿಲ್ಲ. ಅವಳ ತಾಯಿ ಗೋಡೆಗೆ ಒರಗಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ಇಪ್ಪತ್ತನೆಯ ನಿಮಿಷಕ್ಕೆ ಎದೆಯಲ್ಲಿ ಸೀಟಿ ಕೇಳಿಸಿತು. ಅಂಥ ಇಂಪಾದ ಸದ್ದನ್ನು ನಾನು ಕೇಳಿಲ್ಲ. ಹನ್ನೆರಡೂವರೆಗೆ ಅವಳು ಒಂದು ಪೂರ್ತಿ ವಾಕ್ಯ ಹೇಳಿದಳು. ಒಂದು ಹತ್ತಕ್ಕೆ, ಕಣಿವೆಯ ರೈತರು ಟ್ರಾಕ್ಟರಿನಲ್ಲಿ ತಮ್ಮ ಕಡೆಯ ರಸ್ತೆ ಬಿಡಿಸಿಕೊಟ್ಟಿದ್ದರಿಂದ, ಆ ದಿಕ್ಕಿನ ಪಟ್ಟಣದಿಂದ ಆಂಬುಲೆನ್ಸ್ ಬಂತು. ಅವಳನ್ನು ಹತ್ತಿಸಿ ಕಳಿಸಿದೆವು. ಏಲೀನ್ ಈಗಲೂ ಪಾಠ ಮಾಡುತ್ತಿದ್ದಾಳೆ.

ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಹೊರಡಬಹುದಿತ್ತು. ಆದರೆ ಇಲ್ಲಿಯ ಮನೆಗಳಲ್ಲಿ ಟೀ ಕುಡಿಯದೆ ಹೊರಡಲು ಬಿಡುವುದಿಲ್ಲ. ನಾವು ಎರಡು ಸಲ ಬೇಡವೆಂದೆವು, ಮೂರನೆಯ ಸಲಕ್ಕೆ ಕೂತೆವು. ನಮ್ಮಲ್ಲೂ ಹಾಗೇ ತಾನೆ. ಆ ತಾಯಿಗೆ ಯಾರಿಗಾದರೂ ಏನಾದರೂ ಬಡಿಸಲೇಬೇಕಿತ್ತು. ಬ್ರೆಡ್ಡು, ಬೆಣ್ಣೆ, ಎರಡೆರಡು ಕಪ್ ಟೀ. ಆಗ ಅವರು ಹೇಳಿದರು: “ನಿಮಗೆ ಫೋನ್ ಮಾಡಿದ ಮೇಲೆ ಮಾರ್ಟಿನ್‌ಗೂ ಮಾಡಿದ್ದೆ, ಜಾಡು ಹೇಗಿದೆ ಅಂತ ಕೇಳೋಕೆ. ಗಾಡಿ ಹೋಗುತ್ತೆ, ನಾನು ಗೇಟ್ ತೆಗೆದಿಡ್ತೀನಿ, ಡಾಕ್ಟರು ನಿಲ್ಲೋದು ಬೇಡ ಅಂದ. ಧ್ವನಿ ಒಂಥರಾ ಇತ್ತು. ಹುಷಾರಾಗಿದ್ದೀಯಾ ಅಂದೆ. ಗ್ರ್ಯಾಂಡ್ ಅಂದ.”

ನಾನು ಕಪ್ಪು ಕೆಳಗಿಡಲಿಲ್ಲ. ‘ಪಾಪ, ಒಳ್ಳೆಯವರು’ ಎಂದೆ. ಪ್ರಭಾಕರ್ ನನ್ನ ಮುಖ ನೋಡಿದರೋ ಇಲ್ಲವೋ, ನಾನು ಗಮನಿಸಲಿಲ್ಲ. ಇನ್ನೊಂದು ತುಂಡು ಬ್ರೆಡ್ಡು ತಿಂದೆ. ನಲವತ್ತು ನಿಮಿಷ ಕೂತಿದ್ದೆವು.

ಎರಡೂವರೆಗೆ ಇಳಿಜಾರು ಮುಗಿಸಿ ಮೂರನೆಯ ಗೇಟಿಗೆ ಬಂದಾಗ ಅದು ಮುಚ್ಚಿತ್ತು. ಕೊಂಡಿ ಸಹ ಹಾಕಿತ್ತು. ಪ್ರಭಾಕರ್ ಇಳಿದರು. ಗೇಟಿನ ಕೊಂಡಿಗೆ ಕೈ ಹಾಕಿದವರು ಹಾಗೇ ನಿಂತರು. ಗೇಟಿನ ಪಕ್ಕದ ಕಲ್ಲುಗೋಡೆಯ ಹಿಂದೆ, ಗಾಳಿ ತಾಗದ ಮಗ್ಗುಲಲ್ಲಿ, ಮಾರ್ಟಿನ್ ಕಾಲು ಚಾಚಿ ಒರಗಿ ಕೂತಿದ್ದರು. ಪಕ್ಕದಲ್ಲಿ ಚೀಲ ನೆಟ್ಟಗೆ ನಿಲ್ಲಿಸಿತ್ತು. “ವಿಮಲಾ,” ಎಂದು ಪ್ರಭಾಕರ್ ಕರೆದ ದನಿ ನನಗೆ ಅಪರಿಚಿತವಾಗಿತ್ತು.

ಉಸಿರಿರಲಿಲ್ಲ, ನಾಡಿ ಇರಲಿಲ್ಲ. ಮುಖ, ಕೈ ಹಿಮದಷ್ಟೇ ತಣ್ಣಗೆ. ಆದರೆ ಕೋಟಿನೊಳಗೆ, ಕಂಕುಳಲ್ಲಿ ಕೈಯಿಟ್ಟಾಗ ಮೈ ಇನ್ನೂ ಬೆಚ್ಚಗಿತ್ತು. ನೆಲಕ್ಕೆ ಮಲಗಿಸಿ ಎದೆ ಒತ್ತಲು ಶುರುಮಾಡಿದೆ. ನನಗೆ ಸಾಕಾದಾಗ ಪ್ರಭಾಕರ್, ಅವರಿಗೆ ಸಾಕಾದಾಗ ನಾನು. ಡಿಫಿಬ್ರಿಲೇಟರಿನ ಹೆಣ್ಣುದನಿ ಎರಡು ನಿಮಿಷಕ್ಕೊಮ್ಮೆ, ಶಾಕ್ ಕೊಡುವ ಅಗತ್ಯವಿಲ್ಲ ಎಂದು ಶಾಂತವಾಗಿ ಹೇಳುತ್ತಿತ್ತು. ಹೃದಯದಲ್ಲಿ ಮಿಡಿತದ ಸುಳಿವೇ ಇಲ್ಲದಿದ್ದರೆ ಆ ಯಂತ್ರ ಹಾಗೆನ್ನುತ್ತದೆ. ನಲವತ್ತು ನಿಮಿಷ ಒತ್ತಿದೆವು. ಅಷ್ಟು ಹೊತ್ತು ಬೇಕಿರಲಿಲ್ಲ, ವೈದ್ಯೆಯಾಗಿ ನನಗದು ಗೊತ್ತಿತ್ತು. ಟೀ ಕುಡಿದಷ್ಟು ಹೊತ್ತಾದರೂ ಒತ್ತಬೇಕು ಎಂಬ ಹುಚ್ಚು ಲೆಕ್ಕ ತಲೆಯಲ್ಲಿ ಕೂತಿತ್ತು.

ಗಾರ್ಡಾ, ಅಂದರೆ ಇಲ್ಲಿಯ ಪೊಲೀಸರು, ಬರುವವರೆಗೆ ನಾವಿಬ್ಬರೂ ಅಲ್ಲೇ ಇದ್ದೆವು. ಪೊಲೀಸಿನವನು ಚೀಲ ತೆರೆದು ಒಂದೊಂದಾಗಿ ಬರೆದುಕೊಂಡ. ಹೊಸ ಪೈಜಾಮ, ಮಡಿಕೆ ಬಿಚ್ಚದ್ದು. ಶೇವಿಂಗ್ ಸೆಟ್ಟು. ಚಪ್ಪಲಿ. ನಾನು ಬರೆದುಕೊಟ್ಟಿದ್ದ ಮಾತ್ರೆಗಳ ಚೀಟಿ. ಇಲ್ಲಿಯ ಹಿರಿಯರು ಆಸ್ಪತ್ರೆಗೆ ಸೇರಲು ಹೊರಟಾಗ ಕಟ್ಟಿಕೊಳ್ಳುವ ಚೀಲ ಅದು. ನಾನು ಮೇವು ಎಂದುಕೊಂಡದ್ದು ಅದು. ಹಾಕಿಕೊಂಡಿದ್ದ ಕರಿ ಕೋಟು ಚರ್ಚಿಗೆ ಹೋಗುವ ಕೋಟು; ಕುರಿಗೆ ಮೇವು ಹಾಕಲು ಯಾರೂ ಅದನ್ನು ತೊಡುವುದಿಲ್ಲ. ಬೆಳಗ್ಗೆ ನಾನು ಇಷ್ಟನ್ನೂ ನೋಡಿದ್ದೆ.

ನಡೆದದ್ದು ಇಷ್ಟು. ಬೆಳಗ್ಗೆ ಎದೆನೋವು ಬಂದಿದೆ. ಡಾಕ್ಟರು ಹೇಗೂ ಈ ದಾರಿಯಲ್ಲೇ ಬರುತ್ತಾರೆಂದು ಗೊತ್ತಾಗಿದೆ. ಚೀಲ ಕಟ್ಟಿಕೊಂಡು ಬಂದು, ಕೊಟ್ಟ ಮಾತಿನಂತೆ ಹಿಮ ತಳ್ಳಿ ಗೇಟು ತೆಗೆದಿದ್ದಾರೆ. ಕೈ ಎತ್ತಿದ್ದಾರೆ. ನಾನು ಹೋದ ಮೇಲೆ, ಕುರಿ ನುಗ್ಗಬಾರದೆಂದು ಗೇಟು ಮುಚ್ಚಿದ್ದಾರೆ. ಹೋದವರು ಇದೇ ದಾರಿಯಲ್ಲಿ ವಾಪಸು ಬರಲೇಬೇಕಲ್ಲ ಎಂದು ಗೋಡೆಗೆ ಒರಗಿ ಕೂತು ಕಾದಿದ್ದಾರೆ. ಗೇಟು ಮುಚ್ಚಿರದಿದ್ದರೆ ವಾಪಸು ಬರುವಾಗಲೂ ನಾನು ನಿಲ್ಲಿಸದೆ ದಾಟಿಹೋಗುತ್ತಿದ್ದೆ.

ಮರುದಿನ ಸ್ಲೈಗೋದಲ್ಲಿ ಪೋಸ್ಟ್‌ಮಾರ್ಟಂ ಆಯಿತು. ಹೃದಯಾಘಾತ. ಸಾವಿನ ಹೊತ್ತನ್ನು ನಿಖರವಾಗಿ ಹೇಳಲಾಗದು ಎಂದರು. ಮನೆಯ ಹೊರಗೆ ಹೀಗೆ ದಿಢೀರನೆ ಸತ್ತರೆ, ಸಾವಿನ ಕಾರಣ ವಿಚಾರಿಸುವ ಕೊರೊನರ್ ಎಂಬ ಅಧಿಕಾರಿಗೆ ವರದಿ ಕೊಡಬೇಕು. ವರದಿ ಬರೆಯುವ ಮೊದಲು ಬಳ್ಳಾರಿಯಲ್ಲಿ ನನ್ನ ಕ್ಲಾಸ್‌ಮೇಟ್ ಆಗಿದ್ದ, ಈಗ ಇದೇ ದೇಶದಲ್ಲಿ ಹೃದಯತಜ್ಞನಾಗಿರುವ ಇಕ್ಬಾಲ್‌ಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡ.

“ನೋಡು ವಿಮಲಾ, ಅಲ್ಲಿ ಏರು ಇದೆ ಅಂತೀಯ. ಹಿಮ ಬೇರೆ. ಏರಲ್ಲಿ ಗಾಡಿ ನಿಲ್ಲಿಸಿದ್ರೆ ಮತ್ತೆ ಹತ್ತಲ್ಲ ಅಂತ ನಿಲ್ಲಿಸ್ಲಿಲ್ಲ ಅಂತ ಬರಿ. ಸುಳ್ಳೇನಲ್ವಲ್ಲ.”

“ಗೇಟಿರೋ ಜಾಗ ಸಮತಟ್ಟು, ಇಕ್ಬಾಲ್. ಪ್ರತಿಸಲ ಅಲ್ಲೇ ನಿಲ್ಲಿಸ್ತೀವಿ.”

“ನಿಲ್ಲಿಸಿದ್ರೆ ಆ ಹುಡುಗಿ ಹೋಗ್ತಿದ್ಲೇನೋ.”

“ಎರಡು ನಿಮಿಷ ಸಾಕಿತ್ತು ಕಣೋ. ಒಂದು ಆಸ್ಪಿರಿನ್ ಅಗಿಯೋಕೆ ಕೊಟ್ಟು ಹಿಂದಿನ ಸೀಟಲ್ಲಿ ಕೂರಿಸ್ಕೊಂಡು ಹೋಗ್ಬಹುದಿತ್ತು. ಅದೇ ಆಂಬುಲೆನ್ಸಲ್ಲಿ ಕಳಿಸ್ಬಹುದಿತ್ತು.”

ಹೃದಯದ ಡಾಕ್ಟರು ತಾನೆ, ಎದೆನೋವಿನ ಆ ಮೊದಲ ಗಂಟೆಗಳ ಬೆಲೆ ಇಕ್ಬಾಲ್‌ಗೆ ನನಗಿಂತ ಚೆನ್ನಾಗಿ ಗೊತ್ತು. ಕಂಡದ್ದನ್ನು ಕಂಡ ಹಾಗೆ ಬರೆದು ಕಳಿಸಿದೆ. ಸಹಜ ಸಾವು, ಮುಂದಿನ ವಿಚಾರಣೆ ಬೇಕಿಲ್ಲ ಎಂದು ಕೆಲವು ವಾರಗಳ ಮೇಲೆ ಉತ್ತರ ಬಂತು. ಕಾಗದದ ಮಟ್ಟಿಗೆ ಅದು ಅಲ್ಲಿಗೆ ಮುಗಿಯಿತು. ಆದರೆ ಮಾರ್ಟಿನ್‌ರಿಗೆ ಒಬ್ಬ ಅಕ್ಕ ಇದ್ದರು, ನೋರಾ, ಎಪ್ಪತ್ತನಾಲ್ಕು ವಯಸ್ಸು, ನಮ್ಮ ಊರಿನಲ್ಲೇ ಮನೆ. ಆ ವರದಿಯನ್ನು ಅವರು ಕೇಳಿ ತರಿಸಿಕೊಂಡು ಓದುವವರಲ್ಲ. ನಾನಾಗಿ ಹೇಳದಿದ್ದರೆ ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಪೋಸ್ಟ್‌ಮಾರ್ಟಂ ಆದ ಮೇಲಿನ ಎರಡು ದಿನ ನನಗೆ ಇದೇ ಯೋಚನೆ. ಹೇಳಿ ಆ ಮುದುಕಿಗೆ ಯಾಕೆ ಸಂಕಟ ಕೊಡಬೇಕು ಎಂದು ಒಂದು ಮನಸ್ಸು. ಸಂಕಟ ಅವರದೋ ನನ್ನದೋ ಎಂದು ಇನ್ನೊಂದು.

ಭಾನುವಾರ ಮಧ್ಯಾಹ್ನ ಮಾರ್ಟಿನ್‌ರ ಮನೆಯಲ್ಲಿ ವೇಕ್. ಸತ್ತವರನ್ನು ಮಣ್ಣು ಮಾಡುವ ಮೊದಲು ಅವರ ಮನೆಯಲ್ಲೇ ಇಟ್ಟು, ಊರವರೆಲ್ಲ ಬಂದು, ಮನೆಯವರ ಕೈ ಕುಲುಕಿ, ಅಡುಗೆಮನೆಯಲ್ಲಿ ಟೀ ಕುಡಿಯುತ್ತ ಸತ್ತವರ ಕಥೆ ಹೇಳಿಕೊಳ್ಳುವ ಪದ್ಧತಿ. ಹಿಮ ಕರಗಿತ್ತು. ಮಾರ್ಟಿನ್ ಕರಿ ಕೋಟಿನಲ್ಲೇ ಮಲಗಿದ್ದರು. ನನ್ನ ಕೈಗೆ ಯಾರೋ ಟೀ ಕೊಟ್ಟರು. ಪಕ್ಕದ ಹೊಲದ ರೈತ ಎಲ್ಲರನ್ನೂ ನಗಿಸುತ್ತಿದ್ದ.

“ನಲವತ್ತು ವರ್ಷ ಅವನ ಪಕ್ಕದಲ್ಲಿದ್ದೀನಿ. ಒಂದ್ಸಲಕ್ಕಾದ್ರೂ ಕೈ ಎತ್ತಿದವನಲ್ಲ ಪುಣ್ಯಾತ್ಮ. ಬಿಷಪ್ಪರೇ ಈ ದಾರೀಲಿ ಹೋದ್ರೂ ಅಷ್ಟೇ. ಗದ್ದ ಒಂಚೂರು ಇಳಿಸಿದ್ರೆ ಅದೇ ದೊಡ್ಡ ಮರ್ಯಾದೆ.”

ಎಲ್ಲರೂ ಹೌದು ಹೌದು ಎಂದು ನಕ್ಕರು. ನಾನು ಕಪ್ಪು ಮೇಜಿನ ಮೇಲಿಟ್ಟೆ. ಹತ್ತಾರು ಸಲ ಆ ಗೇಟು ದಾಟಿದ್ದೇನೆ. ಪ್ರತಿ ಸಲವೂ ಗದ್ದವೇ ಇಳಿದದ್ದು. ಈ ಊರಿನ ನಮಸ್ಕಾರವನ್ನೆಲ್ಲ ಕಲಿತವಳು ಮಾರ್ಟಿನ್‌ರ ನಮಸ್ಕಾರವನ್ನು ಮರೆತಿದ್ದೆ. ಪ್ರಭಾಕರ್ ಬಾಗಿಲ ಬಳಿ ನಿಂತಿದ್ದರು. ಅವರೂ ಕೇಳಿಸಿಕೊಂಡಿದ್ದರು. ನನ್ನ ಕಡೆ ನೋಡದೆ ಹೊರಗೆ ಹೋದರು.

ಜನ ಸ್ವಲ್ಪ ಕರಗಿದ ಮೇಲೆ, ನೋರಾ ಸಿಂಕಿನ ಹತ್ತಿರ ಕಪ್ಪು ತೊಳೆಯುತ್ತಿದ್ದಾಗ, ಹೋಗಿ ಪಕ್ಕದಲ್ಲಿ ನಿಂತೆ. “ನೋರಾ, ಗುರುವಾರ ಬೆಳಗ್ಗೆ ಹೋಗ್ವಾಗ ನಾನು ಅವರನ್ನ ನೋಡಿದೆ. ಗೇಟ್ ಹತ್ರ ನಿಂತಿದ್ರು. ಕೈ ಎತ್ತಿದ್ರು. ನಮಸ್ಕಾರ ಅಂದ್ಕೊಂಡು ಬೆರಳೆತ್ತಿ ಹೋಗ್ಬಿಟ್ಟೆ.”

ಅವರು ನಲ್ಲಿ ನಿಲ್ಲಿಸಿದರು. ಆಮೇಲೆ ಕೇಳಿದರು: “ಚೀಲ ಇತ್ತಾ?”

“ಕಾಲ ಹತ್ರ ಇತ್ತು.”

“ಆ ಪೈಜಾಮ ನಾನು ಕೊಟ್ಟಿದ್ದು. ಆಸ್ಪತ್ರೆಗೆ ಆಗುತ್ತೆ ಅಂತ ಎತ್ತಿಟ್ಟಿದ್ದ.” ಕೈ ಒರೆಸಿಕೊಂಡರು. “ಗೇಟ್ ತೆಗೆದಿಟ್ಟನಲ್ಲ, ಆ ಹುಡುಗಿ ಬದುಕಲಿ ಅಂತ. ಅದು ನಂಗೆ ಸಮಾಧಾನ. ಆದ್ರೆ ನೀವು ನಿಲ್ಲಿಸ್ಬೇಕಿತ್ತು, ಡಾಕ್ಟರ್.”

“ಹೌದು,” ಎಂದೆ.

ಅವರು ಮೊಳೆಯಲ್ಲಿ ತೂಗುಹಾಕಿದ್ದ ಟವೆಲ್ ತೆಗೆದು ನನ್ನ ಕೈಗೆ ಕೊಟ್ಟರು. ಅವರು ತೊಳೆದರು, ನಾನು ಒರೆಸಿದೆ. ಎಲ್ಲ ಕಪ್ಪುಗಳೂ ಮುಗಿಯುವವರೆಗೆ ಹಾಗೇ ನಡೆಯಿತು. ಆಮೇಲೂ ಅವರು ಬಿಪಿ ತೋರಿಸಲು ನನ್ನ ಹತ್ತಿರವೇ ಬಂದರು. ಆ ವಿಷಯ ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರು ನನ್ನನ್ನು ಕ್ಷಮಿಸಿದರೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ವೃತ್ತಿ ಕಲಿಸಿದ ಪಾಠವೇನು ಎಂದು ಕೇಳುವವರಿಗೆ ಹೇಳುವುದಿಷ್ಟೇ. ಒಂದು ಊರನ್ನು ಕಲಿತೆ ಎಂದ ಮಾತ್ರಕ್ಕೆ ಆ ಊರಿನ ಒಬ್ಬೊಬ್ಬರನ್ನೂ ಕಲಿತ ಹಾಗಾಗುವುದಿಲ್ಲ. ರೋಗಿ ನಿತ್ಯ ಏನು ಮಾಡುತ್ತಾನೋ ಅದನ್ನು ಬಿಟ್ಟು ಬೇರೆ ಮಾಡಿದ ದಿನ ನೋಡಬೇಕು. ಕ್ಲಿನಿಕ್ಕಿನಲ್ಲಿ ಕೂತು ಇದನ್ನು ಜೂನಿಯರ್ ಡಾಕ್ಟರುಗಳಿಗೆ ಎಷ್ಟೋ ಸಲ ಹೇಳಿಕೊಟ್ಟಿದ್ದೆ. ಗಾಡಿಯ ಗಾಜಿನ ಹಿಂದೆ ಕೂತಾಗ ಮರೆತೆ. ಆ ಗುರುವಾರದ ನಂತರ ನಾನು ಮತ್ತೆ ಹಳೆಯ ಚಾಳಿಗೆ ಬಂದಿದ್ದೇನೆ. ಯಾರು ಕೈ ಎತ್ತಿದರೂ ನಿಲ್ಲಿಸುತ್ತೇನೆ, ಗಾಜು ಇಳಿಸುತ್ತೇನೆ. ‘ಗ್ರ್ಯಾಂಡ್’ ಎನ್ನುತ್ತಾರೆ. ಇನ್ನೊಮ್ಮೆ ಕೇಳುತ್ತೇನೆ. ಡಾಕ್ಟರಮ್ಮನಿಗೆ ವಯಸ್ಸಾಯಿತು, ಅಂಗಡಿಗೆ ಹೋಗಿ ಬರಲು ಒಂದು ಗಂಟೆ ಬೇಕು ಎಂದು ಬ್ರೀಡಾ ಈಗ ತಮಾಷೆ ಮಾಡುತ್ತಾಳೆ. ಮಾಡಲಿ.

ಮಾರ್ಟಿನ್‌ರ ಜಾಗವನ್ನು ಈಗ ಬೇರೆಯವರು ನೋಡಿಕೊಳ್ಳುತ್ತಾರೆ. ಮೂರನೆಯ ಗೇಟನ್ನು ಕಿತ್ತುಹಾಕಿ, ಅಲ್ಲಿ ಗುಂಡಿ ತೋಡಿ ಕಬ್ಬಿಣದ ಸರಳುಗಳನ್ನು ಸಾಲಾಗಿ ಹಾಸಿದ್ದಾರೆ. ಕುರಿಗಳು ಅದನ್ನು ದಾಟಲಾರವು, ಗಾಡಿಗಳು ನಿಲ್ಲದೆ ಹೋಗಬಹುದು. ಏಲೀನಳ ತಾಯಿಯನ್ನು ನೋಡಲು ನಾವು ಆಗಾಗ ಆ ದಾರಿಯಲ್ಲಿ ಹೋಗುತ್ತೇವೆ. ಅಲ್ಲಿಗೆ ಬಂದಾಗ ನಾನು ಬ್ರೇಕ್ ಹಾಕುತ್ತೇನೆ. ಪ್ರಭಾಕರ್ ಏನೂ ಕೇಳದೆ ಬಾಗಿಲು ತೆಗೆದು ಇಳಿಯುತ್ತಾರೆ, ಗೋಡೆಯ ಹಿಂದೆ ಒಮ್ಮೆ ಬಗ್ಗಿ ನೋಡುತ್ತಾರೆ, ವಾಪಸು ಬಂದು ಕೂರುತ್ತಾರೆ.